ದೇವಯಾನಿಯ ದಿಕ್ಕಿನಲ್ಲಿ ಕಂಡದ್ದೆಲ್ಲ ದೇವಯಾನಿಯದಲ್ಲ: ಎಂ31ರತ್ತ ಒಂದು ರೇಡಿಯೊ ಸಮೀಕ್ಷೆ

ಎಂ31ರ ದಿಕ್ಕಿನ ರೇಡಿಯೊ ಮೂಲಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ನಿಜಕ್ಕೂ ಎಂ31ರವು ಯಾವುವು, ಮುಖ್ಯವಾಗಿ ಅದರ ಸೂಪರ್ನೋವಾ ಅವಶೇಷಗಳು ಯಾವುವು ಎಂದು ಬೇರ್ಪಡಿಸುವ ಕ್ರಮ ಇಲ್ಲಿದೆ. ಮೊದಲು ಒಂದು ಲೆಕ್ಕ. ದೇವಯಾನಿ ಗೆಲಾಕ್ಸಿ, ಅಂದರೆ ಎಂ31, ಆಕಾಶದಲ್ಲಿ ಸುಮಾರು 3.2 ಡಿಗ್ರಿ ಉದ್ದಕ್ಕೆ, 1 ಡಿಗ್ರಿ ಅಗಲಕ್ಕೆ ಚಾಚಿಕೊಂಡಿದೆ. ವಿಸ್ತೀರ್ಣ ಎರಡೂವರೆ ಚದರ ಡಿಗ್ರಿ. ಅಮೆರಿಕದ ವಿಎಲ್‌ಎ ದೂರದರ್ಶಕ 1.4 ಗಿಗಾಹರ್ಟ್ಸ್‌ನಲ್ಲಿ ನಡೆಸಿದ ಎನ್‌ವಿಎಸ್‌ಎಸ್ ಸಮೀಕ್ಷೆ ಆಕಾಶದ ಶೇ. 82 ಭಾಗದಲ್ಲಿ ಸುಮಾರು 18 ಲಕ್ಷ ರೇಡಿಯೊ ಮೂಲಗಳನ್ನು ಪಟ್ಟಿ ಮಾಡಿದೆ. ಚದರ ಡಿಗ್ರಿಗೆ ಐವತ್ತರ ಮೇಲಾಯಿತು. ಹಾಗಾದರೆ ಆ ಜಾಗದಲ್ಲಿ ಎಂ31 ಇಲ್ಲವೇ ಇಲ್ಲ ಎಂದುಕೊಂಡರೂ ಎರಡೂವರೆ ಮಿಲಿಜಾನ್ಸ್ಕಿಗಿಂತ (ಜಾನ್ಸ್ಕಿ ಎಂದರೆ ನಮ್ಮನ್ನು ತಲುಪುವ ರೇಡಿಯೊ ಅಲೆಯ ಬಲದ ಅಳತೆ, ಮಿಲಿ ಅದರ ಸಾವಿರದಲ್ಲೊಂದು) ಪ್ರಖರವಾದ ನೂರಮೂವತ್ತು ಮೂಲಗಳು ಸಿಕ್ಕೇ ಸಿಗುತ್ತವೆ. ಇವೆಲ್ಲ ಎಂ31ರ ಹಿಂದೆ, ಕೋಟ್ಯಂತರ ಜ್ಯೋತಿರ್ವರ್ಷಗಳಾಚೆ ಇರುವ ಗೆಲಾಕ್ಸಿಗಳು, ಕ್ವೇಸಾರ್‌ಗಳು (ಅತಿ ಪ್ರಖರ ಗೆಲಾಕ್ಸಿ ಕೇಂದ್ರಗಳು).

ಇನ್ನೊಂದು ಲೆಕ್ಕ ಇದಕ್ಕೆ ಎದುರಾಗಿ ಇಟ್ಟುಕೊಳ್ಳಬೇಕು. ನಮ್ಮ ಆಕಾಶಗಂಗೆಯ ಅತಿ ಪ್ರಖರ ಸೂಪರ್ನೋವಾ ಅವಶೇಷ, ಅಂದರೆ ಸಿಡಿದ ನಕ್ಷತ್ರದ ಉಳಿಕೆ, ಕ್ಯಾಸಿಯೋಪಿಯಾ-ಎ. 1 ಗಿಗಾಹರ್ಟ್ಸ್‌ನಲ್ಲಿ ಅದರ ಬಲ ಎರಡು ಸಾವಿರ ಜಾನ್ಸ್ಕಿಗೂ ಹೆಚ್ಚು, ದೂರ 11,000 ಜ್ಯೋತಿರ್ವರ್ಷ. ಅದನ್ನೇ ಎತ್ತಿಕೊಂಡು ಹೋಗಿ 25 ಲಕ್ಷ ಜ್ಯೋತಿರ್ವರ್ಷ ದೂರದ ಎಂ31ರಲ್ಲಿ ಇಟ್ಟರೆ ನಮಗೆ ತಲುಪುವುದು 40–50 ಮಿಲಿಜಾನ್ಸ್ಕಿ. ಏಡಿ ನೆಬ್ಯುಲಾವನ್ನು ಇಟ್ಟರೆ 6–7 ಮಿಲಿಜಾನ್ಸ್ಕಿ. ಇವೆರಡೂ ಅಪರೂಪದ ಎಳೆಯ ಅವಶೇಷಗಳು. ಹತ್ತಾರು ಸಾವಿರ ವರ್ಷ ಹಳೆಯ ಸಾಮಾನ್ಯ ಅವಶೇಷ ಒಂದು ಮಿಲಿಜಾನ್ಸ್ಕಿಗಿಂತ ಕೆಳಗೇ ಉಳಿಯುತ್ತದೆ. ನಮಗೆ ಬೇಕಾದದ್ದು ಮಂಕಾಗಿದೆ, ಬೇಡದ್ದು ಎದ್ದು ಕಾಣುತ್ತದೆ. ಸಮೀಕ್ಷೆಯ ಹೆಸರಿನಲ್ಲಿ ‘ಎಂ31ರ ರೇಡಿಯೊ ಮೂಲಗಳು’ ಎನ್ನದೆ ‘ಎಂ31ರ ದಿಕ್ಕಿನ ರೇಡಿಯೊ ಮೂಲಗಳು’ ಎಂದು ಬರೆಯುವುದು ಇದಕ್ಕೇ. ಆ ‘ದಿಕ್ಕಿನ’ ಎಂಬ ಪದಕ್ಕೆ ನ್ಯಾಯ ಸಲ್ಲಿಸುವುದರಲ್ಲೇ ಕೆಲಸದ ಮುಕ್ಕಾಲು ಪಾಲು ಸವೆಯುತ್ತದೆ.

ಈ ದಾರಿಯಲ್ಲಿ ಮುಂಚೆ ನಡೆದವರಿದ್ದಾರೆ. 1950ರಲ್ಲಿ ಹ್ಯಾನ್‌ಬರಿ ಬ್ರೌನ್ ಮತ್ತು ಹಜಾರ್ಡ್ ಎಂಬ ಖಗೋಳಜ್ಞರು ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್‌ನ 218 ಅಡಿ ಅಗಲದ ಸ್ಥಿರ ಡಿಶ್ಶಿನಿಂದ 158 ಮೆಗಾಹರ್ಟ್ಸ್‌ನಲ್ಲಿ ಎಂ31ರ ರೇಡಿಯೊ ಹೊರಸೂಸುವಿಕೆಯನ್ನು ಹಿಡಿದರು. 1969ರಲ್ಲಿ ಪೂಲಿ ಕೇಂಬ್ರಿಜ್‌ನಿಂದ 408 ಮತ್ತು 1407 ಮೆಗಾಹರ್ಟ್ಸ್‌ಗಳಲ್ಲಿ 5ಸಿ3 ಪಟ್ಟಿ ಕೊಟ್ಟರು. ನೆದರ್ಲೆಂಡ್ಸ್‌ನ ವೆಸ್ಟರ್‌ಬಾರ್ಕ್ ದೂರದರ್ಶಕ ಸರಣಿಯಿಂದ 36ಡಬ್ಲ್ಯು, 37ಡಬ್ಲ್ಯು ಪಟ್ಟಿಗಳು ಬಂದವು. 2004ರಲ್ಲಿ ವಿಎಲ್‌ಎಯಿಂದ 325 ಮೆಗಾಹರ್ಟ್ಸ್‌ನಲ್ಲಿ 405 ಮೂಲಗಳ ಪಟ್ಟಿ ಪ್ರಕಟವಾಯಿತು. ಈ ಹಳೆಯ ಪಟ್ಟಿಗಳನ್ನು ಎದುರಿಗಿಟ್ಟುಕೊಂಡೇ ಕೂರಬೇಕು. ನಮ್ಮ ನಕ್ಷೆ ತಪ್ಪಿದ್ದರೆ ಮೊದಲು ಹೇಳುವುದು ಅವೇ.

ಇಲ್ಲಿ ಹೇಳುವ ಕ್ರಮ ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ್ದು. 45 ಮೀಟರ್ ವ್ಯಾಸದ 30 ಡಿಶ್. 14 ನಡುವಿನ ಒಂದು ಕಿಲೋಮೀಟರ್ ಚೌಕದಲ್ಲಿ, 16 ವೈ ಆಕಾರದ ಮೂರು ತೋಳುಗಳಲ್ಲಿ. ಅತಿ ಉದ್ದದ ಬೇಸ್‌ಲೈನ್, ಅಂದರೆ ಎರಡು ಡಿಶ್‌ಗಳ ನಡುವಿನ ಅಂತರ, 25 ಕಿಲೋಮೀಟರ್. ಸಮೀಕ್ಷೆಗೆ ಬ್ಯಾಂಡ್-3 (250–500 ಮೆಗಾಹರ್ಟ್ಸ್) ಹಿಡಿಯುವುದು ಲಾಭ. 400 ಮೆಗಾಹರ್ಟ್ಸ್ ಬಳಿ ಒಂದು ಡಿಶ್ಶಿನ ನೋಟ 75 ಆರ್ಕ್‌ನಿಮಿಷ ಅಗಲ, ನಕ್ಷೆಯ ಸೂಕ್ಷ್ಮತೆ, ಅಂದರೆ ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಅಂತರ, ಸುಮಾರು 8 ಆರ್ಕ್‌ಸೆಕೆಂಡ್ (ಡಿಗ್ರಿಯ ಅರವತ್ತರಲ್ಲೊಂದು ಪಾಲು ಆರ್ಕ್‌ನಿಮಿಷ, ಅದರ ಅರವತ್ತರಲ್ಲೊಂದು ಪಾಲು ಆರ್ಕ್‌ಸೆಕೆಂಡ್). ಎಂ31ರ ದೂರದಲ್ಲಿ 1 ಆರ್ಕ್‌ಸೆಕೆಂಡ್ ಎಂದರೆ 12 ಜ್ಯೋತಿರ್ವರ್ಷ. ಹಾಗಾಗಿ ನೂರು ಜ್ಯೋತಿರ್ವರ್ಷ ಅಗಲದ ಅವಶೇಷವೂ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಆಕಾರ ನೋಡಿ ‘ಇದು ಉಂಗುರದಂತಿದೆ, ಸೂಪರ್ನೋವಾ ಅವಶೇಷ’ ಎನ್ನುವ ಅವಕಾಶ ಇಲ್ಲಿಲ್ಲ.

ಪಾಯಿಂಟಿಂಗ್, ಅಂದರೆ ಡಿಶ್‌ಗಳನ್ನು ಎತ್ತ ತಿರುಗಿಸಬೇಕು ಎನ್ನುವುದು, ಹೀಗೆ: ಗೆಲಾಕ್ಸಿಯ ಉದ್ದಕ್ಕೆ 40 ಆರ್ಕ್‌ನಿಮಿಷಕ್ಕೊಂದರಂತೆ ಐದು ಕೇಂದ್ರ. ಇದಲ್ಲದೆ ಅಗಲದ ಕಡೆ ಎಡಕ್ಕೊಂದು ಬಲಕ್ಕೊಂದು, ಗೆಲಾಕ್ಸಿಯ ಅಕ್ಷದಿಂದ ಒಂದೂವರೆ ಡಿಗ್ರಿ ಆಚೆಗೆ, ಇನ್ನೆರಡು. ಈ ಎರಡು ಕೇಂದ್ರಗಳಲ್ಲಿ ಎಂ31 ಇರುವುದಿಲ್ಲ, ಬೇಕೆಂದೇ ಹಾಗೆ ಇಡುವುದು. ಅದೇ ದೂರದರ್ಶಕ, ಅದೇ ರಾತ್ರಿ, ಅದೇ ಸಂಸ್ಕರಣೆ. ಹಿನ್ನೆಲೆ ಮೂಲಗಳು ಚದರ ಡಿಗ್ರಿಗೆ ಎಷ್ಟು ಎಂದು ಇವೇ ಹೇಳುತ್ತವೆ. ಸಮಯ ಕೇಳುವ ಅರ್ಜಿಯಲ್ಲಿ ಗಂಟೆ ಉಳಿಸಲು ಮೊದಲು ಕತ್ತರಿಸಬೇಕೆನಿಸುವುದು ಇವನ್ನೇ. ಬೇರೆ ಏನನ್ನಾದರೂ ಕತ್ತರಿಸಿ, ಇವನ್ನು ಬಿಡಬೇಡಿ. ಬೇರೆ ಸಮೀಕ್ಷೆಯ ಎಣಿಕೆಯನ್ನು ತಂದು ಕಳೆದರೆ ಬಲದ ಅಳತೆಯಲ್ಲಿನ ಶೇ. 10ರ ವ್ಯತ್ಯಾಸವೇ ಎಣಿಕೆಯನ್ನು ಅಷ್ಟೂ ಏರುಪೇರು ಮಾಡಿಬಿಡುತ್ತದೆ.

ಯಾವ ತಿಂಗಳು ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಅಕ್ಟೋಬರ್ ಮೊದಲ ವಾರ ಎಂ31 ನಡುರಾತ್ರಿಗೆ ನೆತ್ತಿಯ ಉತ್ತರಕ್ಕೆ ಬರುತ್ತದೆ, ಇಡೀ ರಾತ್ರಿ ಸಿಗುತ್ತದೆ. ಆದರೆ ಖೋಡದ್ ಇರುವ ಅಕ್ಷಾಂಶದ ಮೇಲಿನ ಅಯಾನುಗೋಳ (ವಾತಾವರಣದ ವಿದ್ಯುದಾವೇಶವುಳ್ಳ ಮೇಲ್ಪದರ) ವಿಷುವತ್ತಿನ ತಿಂಗಳುಗಳಲ್ಲಿ, ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿಯವರೆಗೆ ಕಲಕಿದ ನೀರಿನಂತೆ ಇರುತ್ತದೆ. ಆ ಹೊತ್ತಿನಲ್ಲಿ ಮೂಲಗಳು ಮಿನುಗುತ್ತವೆ, ಫೇಸ್ (ಅಲೆಯ ಏರಿಳಿತದ ಹಂತ) ಒಂದು ನಿಮಿಷವೂ ನಿಲ್ಲುವುದಿಲ್ಲ. ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಂತೂ ರಾತ್ರಿಯ ಮೊದಲರ್ಧ ಕೈಬಿಟ್ಟಂತೆಯೇ. ಆದ್ದರಿಂದ ಆಗಸ್ಟ್ ಮೊದಲ ಭಾಗ ವಾಸಿ: ರಾತ್ರಿ ಹನ್ನೆರಡಕ್ಕೆ ಶುರು, ಬೆಳಿಗ್ಗೆ ಹತ್ತಕ್ಕೆ ಮುಗಿತಾಯ. ಕೊನೆಯ ನಾಲ್ಕು ತಾಸು ಬಿಸಿಲಿನಲ್ಲಿ ಹೋಗುತ್ತದೆ. ಆದರೆ ಆಗ ಸೂರ್ಯ ಎಂ31ರಿಂದ ನೂರು ಡಿಗ್ರಿ ದೂರ, ತೊಂದರೆ ಸಹಿಸಬಹುದಾದಷ್ಟು. ಮಳೆಗಾಲದ ಸಿಡಿಲು, ಗಾಳಿಗೆ ಡಿಶ್ ನಿಲ್ಲಿಸಬೇಕಾಗಿ ಬರುವುದು ಇದ್ದದ್ದೇ, ಒಂದು ರಾತ್ರಿ ಹೆಚ್ಚಿಗೆ ಕೇಳಿಟ್ಟುಕೊಳ್ಳಿ.

ಕ್ಯಾಲಿಬ್ರೇಟರ್, ಅಂದರೆ ಅಳತೆಯನ್ನು ಸರಿಹೊಂದಿಸಲು ನೋಡುವ ಗೊತ್ತಿರುವ ಮೂಲ, ಇದರ ವಿಷಯದಲ್ಲಿ ಎಂ31 ನೋಡುವವರು ಪುಣ್ಯವಂತರು. ಬಲದ ಅಳತೆಗೆ ಎಲ್ಲರೂ ನಂಬುವ 3ಸಿ 48 ಎಂಬ ಕ್ವೇಸಾರ್ ಇಲ್ಲಿಂದ ಹದಿಮೂರೂವರೆ ಡಿಗ್ರಿಯಲ್ಲಿದೆ. ಅದನ್ನೇ ಫೇಸ್ ಕ್ಯಾಲಿಬ್ರೇಟರ್ ಆಗಿಯೂ ಬಳಸಿದರೆ ಒಂದು ಅಳತೆಯಿಂದ ಇನ್ನೊಂದಕ್ಕೆ ಬಲವನ್ನು ಸಾಗಿಸುವ ಮೆಟ್ಟಿಲೇ ಬೇಕಿಲ್ಲ. ಒಂದು ತೊಡಕು: ಜಿಎಂಆರ್‌ಟಿಯ 17 ಡಿಗ್ರಿ ಎತ್ತರದ ಮಿತಿಯನ್ನು 3ಸಿ 48 ದಾಟುವುದು ಎಂ31 ದಾಟಿ ಒಂದು ಗಂಟೆಯ ನಂತರ. ಎಂ31 ಸುಮಾರು 11 ಗಂಟೆ ಲಭ್ಯವಿದ್ದರೂ ಲೆಕ್ಕಕ್ಕೆ ಹಿಡಿಯಬೇಕಾದದ್ದು ಹತ್ತು. ಕೆಳಗಿನ ಎತ್ತರದಲ್ಲಿ ನೆಲದ ಗದ್ದಲ ಹೇಗೂ ಹೆಚ್ಚು, ಆ ಒಂದು ಗಂಟೆಯ ನಷ್ಟ ನಷ್ಟವಲ್ಲ.

ಒಂದು ರಾತ್ರಿಗೆ ಒಂದು ಕೇಂದ್ರ ಎಂದು ಹಂಚಬಾರದು. ಏಳೂ ಕೇಂದ್ರಗಳನ್ನು ತಲಾ 6 ನಿಮಿಷದಂತೆ ಸುತ್ತಬೇಕು, ಸುತ್ತಿನ ಕೊನೆಗೆ 3ಸಿ 48 ಮೇಲೆ 4 ನಿಮಿಷ. ಡಿಶ್ ತಿರುಗುವ ಸಮಯವೂ ಸೇರಿ ಒಂದು ಸುತ್ತಿಗೆ 52 ನಿಮಿಷ, ರಾತ್ರಿಗೆ 11 ಸುತ್ತು. ಆರಂಭ, ಅಂತ್ಯಗಳಲ್ಲಿ 3ಸಿ 48 ಮೇಲೆ 12 ನಿಮಿಷ. ಐದು ರಾತ್ರಿ ಮುಗಿದಾಗ ಪ್ರತಿ ಕೇಂದ್ರಕ್ಕೂ ಐದೂವರೆ ಗಂಟೆ ಸಿಕ್ಕಿರುತ್ತದೆ. ಕೆಟ್ಟ ರಾತ್ರಿಯ ಕೇಡನ್ನು ಎಲ್ಲ ಕೇಂದ್ರಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಹಾಗಿಲ್ಲದಿದ್ದರೆ ಗೆಲಾಕ್ಸಿಯ ಒಂದು ತುದಿಯಲ್ಲಿ ಮೂಲಗಳು ಕಡಿಮೆ ಇವೆಯೋ, ಆ ರಾತ್ರಿ ಅಯಾನುಗೋಳ ಕೆಟ್ಟಿತ್ತೋ ಎಂದು ಆಮೇಲೆ ಬಿಡಿಸಲಾಗದು.

ಯಂತ್ರದ ಹೊಂದಾಣಿಕೆ: 300–500 ಮೆಗಾಹರ್ಟ್ಸ್, 4096 ಚಾನೆಲ್, 5.4 ಸೆಕೆಂಡಿಗೊಂದು ದಾಖಲೆ. 30 ಡಿಶ್ಶಿಗೆ 435 ಬೇಸ್‌ಲೈನ್, ಎರಡು ಧ್ರುವೀಕರಣ. ಖಗೋಳ ದತ್ತಾಂಶಕ್ಕೆ ಬಳಸುವ ಫಿಟ್ಸ್ ಕಡತವಾಗಿ ಇಳಿಸುವಾಗ ಗಂಟೆಗೆ ಸುಮಾರು 30 ಗಿಗಾಬೈಟ್. ಐದು ರಾತ್ರಿಗೆ ಒಂದೂವರೆ ಟೆರಾಬೈಟ್. ದತ್ತಾಂಶ ಸಂಸ್ಕರಿಸುವ ಕಾಸಾ ತಂತ್ರಾಂಶ ಮಾದರಿ ಮತ್ತು ತಿದ್ದಿದ ದತ್ತಾಂಶಕ್ಕೆ ಬೇರೆ ಕಾಲಂ ತೆರೆಯುತ್ತದೆ, ಹಾಗಾಗಿ ಡಿಸ್ಕಿನಲ್ಲಿ ಅದರ ಮೂರು ಪಟ್ಟು ಜಾಗ ಮೊದಲೇ ಖಾಲಿ ಇರಲಿ. ಜಿಎಂಆರ್‌ಟಿ ಕೊಡುವ ಎಲ್‌ಟಿಎ ಕಡತವನ್ನು ಲಿಸ್ಟ್‌ಸ್ಕ್ಯಾನ್, ಜಿವಿಫಿಟ್ಸ್ ತಂತ್ರಾಂಶಗಳಿಂದ ಫಿಟ್ಸ್‌ಗೆ ಪರಿವರ್ತಿಸುವಾಗ ಸ್ಕ್ಯಾನ್ ಪಟ್ಟಿಯನ್ನು ಕಣ್ಣಾಡಿಸಿ ನೋಡಿ. ಏಳು ಕೇಂದ್ರಗಳಿಗೂ ಬೇರೆ ಬೇರೆ ಹೆಸರು ಇಟ್ಟಿದ್ದರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಫ್ಲ್ಯಾಗಿಂಗ್‌ಗೆ, ಅಂದರೆ ಕೆಟ್ಟ ದತ್ತಾಂಶವನ್ನು ಗುರುತಿಸಿ ಕೈಬಿಡುವ ಕೆಲಸಕ್ಕೆ, ಬರೋಣ. ಒಂದು ಬೇಸ್‌ಲೈನಿನ ದತ್ತಾಂಶವನ್ನು ಅಡ್ಡಕ್ಕೆ ಚಾನೆಲ್, ಉದ್ದಕ್ಕೆ ಸಮಯ ಎಂದು ಪರದೆ ಮೇಲೆ ಬಿಡಿಸಿಕೊಳ್ಳಿ. 360ರಿಂದ 380 ಮೆಗಾಹರ್ಟ್ಸ್ ನಡುವೆ ಮೇಲಿಂದ ಕೆಳಗಿನವರೆಗೆ ಹೊಳೆಯುವ ಗೋಡೆಯೊಂದು ನಿಂತಿರುತ್ತದೆ. ಅದು ಉಪಗ್ರಹಗಳ ಸಂವಹನ, ಅದರೊಳಗಿಂದ ಏನನ್ನೂ ಉಳಿಸಲು ಹೋಗಬೇಡಿ. ಆಮೇಲೆ ಅಡ್ಡಗೆರೆಗಳು: ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ಹಾಯ್ದು ಹತ್ತಾರು ಸೆಕೆಂಡು ಬೆಳಗಿ ಆರುವ ಪಟ್ಟಿ. ಇದು ವಿದ್ಯುತ್ ತಂತಿಗಳ ಕಿಡಿ, ನಡುವಿನ ಚೌಕದ ಗಿಡ್ಡ ಬೇಸ್‌ಲೈನುಗಳಲ್ಲಿ ಜೋರು, ತೋಳಿನ ಉದ್ದ ಬೇಸ್‌ಲೈನುಗಳಲ್ಲಿ ಬಹುತೇಕ ಇರುವುದಿಲ್ಲ. ಮೂರನೆಯದು ಮೋಸದ್ದು: ಗೆರೆಯೂ ಅಲ್ಲ, ಗೋಡೆಯೂ ಅಲ್ಲ, ಮಂದವಾಗಿ ಓರೆಯಾಗಿ ಹರಿಯುವ ಅಲೆ. ಅದು ಹಸ್ತಕ್ಷೇಪವಲ್ಲ, ಎಂ31ರಿಂದ 21 ಡಿಗ್ರಿ ಆಚೆಗಿರುವ ಅದೇ ಕ್ಯಾಸಿಯೋಪಿಯಾ-ಎ, ಡಿಶ್ಶಿನ ಪಕ್ಕದ ಕಿವಿಗಳಿಂದ (ನೇರ ನೋಟದ ಹೊರಗಿನ ಮಂದ ನೋಟಗಳಿಂದ) ಒಳಗೆ ನುಸುಳುತ್ತಿರುವುದು. ತಾನೇ ಫ್ಲ್ಯಾಗ್ ಮಾಡುವ ಟಿಎಫ್‌ಕ್ರಾಪ್, ಆರ್‌ಫ್ಲ್ಯಾಗ್ ವಿಧಾನಗಳಿಗೆ ಈ ಅಲೆ ಸಿಗುವುದಿಲ್ಲ, ಮಿತಿ ಬಿಗಿ ಮಾಡಿದರೆ ನಿಜವಾದ ದತ್ತಾಂಶವೇ ಹೋಗುತ್ತದೆ. ಆ ದಿಕ್ಕಿಗೆ ಒಂದು ಪುಟ್ಟ ನಕ್ಷೆ ಮಾಡಿ, ಮಾದರಿ ತೆಗೆದು, ದತ್ತಾಂಶದಿಂದ ಕಳೆಯುವುದೇ ದಾರಿ. ಎಲ್ಲ ಮುಗಿದಾಗ ಶೇ. 30–40ರಷ್ಟು ದತ್ತಾಂಶ ಹೋಗಿದ್ದರೆ ಗಾಬರಿ ಬೇಡ. ಶೇ. 60 ಹೋಗಿದ್ದರೆ ಮಿತಿಗಳನ್ನು ಮತ್ತೆ ನೋಡಿ.

ಕ್ಯಾಲಿಬ್ರೇಷನ್ನಿನ ಮೆಟ್ಟಿಲುಗಳು ಎಲ್ಲರಿಗೂ ಗೊತ್ತಿರುವಂಥವು: ಪರ್ಲಿ–ಬಟ್ಲರ್ 2017ರ ಮಾನಕದಲ್ಲಿ 3ಸಿ 48ರ ಬಲ, ಡಿಲೇ (ಡಿಶ್‌ಗಳ ನಡುವಿನ ಹೊತ್ತಿನ ವ್ಯತ್ಯಾಸ), ಬ್ಯಾಂಡ್‌ಪಾಸ್ (ಚಾನೆಲ್‌ನಿಂದ ಚಾನೆಲ್‌ಗೆ ಬದಲಾಗುವ ಸ್ಪಂದನ), ಗೇನ್ (ಪ್ರತಿ ಡಿಶ್ಶಿನ ವರ್ಧನೆ). ಆಮೇಲೆ ಚಾನೆಲ್‌ಗಳನ್ನು ಎಂಟೆಂಟು ಸೇರಿಸಿ, ಅಂದರೆ 0.4 ಮೆಗಾಹರ್ಟ್ಸ್‌ಗೆ. ಅದಕ್ಕಿಂತ ಹೆಚ್ಚು ಸೇರಿಸುವ ಆಸೆ ಬರುತ್ತದೆ, ಕಂಪ್ಯೂಟರ್ ಬೇಗ ಮುಗಿಸುತ್ತದೆ ಎಂದು. 1 ಮೆಗಾಹರ್ಟ್ಸ್‌ಗೆ ಸೇರಿಸಿದರೆ ಕೇಂದ್ರದಿಂದ 40 ಆರ್ಕ್‌ನಿಮಿಷ ದೂರದ ಮೂಲ 6 ಆರ್ಕ್‌ಸೆಕೆಂಡ್ ಕೇಂದ್ರದತ್ತ ಉಜ್ಜಿದಂತೆ ಎಳೆದುಕೊಳ್ಳುತ್ತದೆ. 8 ಆರ್ಕ್‌ಸೆಕೆಂಡ್ ನಕ್ಷೆಯಲ್ಲಿ ಅದು ಅನರ್ಥ: ಚುಕ್ಕೆ ಮೂಲ ಹಿಗ್ಗಿದ ಮೂಲವಾಗಿ ಪಟ್ಟಿಗೆ ಸೇರಿ, ‘ಅವಶೇಷ’ ಎಂಬ ಹಣೆಪಟ್ಟಿ ಪಡೆಯುತ್ತದೆ.

ನಕ್ಷೆಗೆ 1.5 ಆರ್ಕ್‌ಸೆಕೆಂಡಿನ ಪಿಕ್ಸೆಲ್, 7200 ಪಿಕ್ಸೆಲ್ ಬದಿ, 3 ಡಿಗ್ರಿ ಚೌಕ. ನೋಟದ ಅಗಲಕ್ಕಿಂತ ಇಷ್ಟು ದೊಡ್ಡದು ಯಾಕೆಂದರೆ ಅಂಚಿನಾಚೆಯ ಪ್ರಖರ ಮೂಲವನ್ನು ನಕ್ಷೆಯೊಳಗೆ ತರದಿದ್ದರೆ ಅದರ ಮುಳ್ಳುಗಳು ಒಳಗೆಲ್ಲ ಚುಚ್ಚುತ್ತವೆ. ಕಾಸಾದ ಆಯ್ಕೆಗಳು: ಅಗಲ ನೋಟದ ವಕ್ರತೆಯನ್ನು ತಿದ್ದುವ ಡಬ್ಲ್ಯು-ಪ್ರೊಜೆಕ್ಷನ್, ಬ್ಯಾಂಡ್ ಅಗಲವಿರುವುದರಿಂದ ಆವರ್ತನದೊಂದಿಗೆ ಬದಲಾಗುವ ಬಲವನ್ನು ಲೆಕ್ಕಕ್ಕೆ ಹಿಡಿಯುವ ಎರಡು ಪದಗಳ ಎಂಟಿ-ಎಂಎಫ್‌ಎಸ್, ಬೇಸ್‌ಲೈನುಗಳಿಗೆ ಕೊಡುವ ತೂಕ ರೋಬಸ್ಟ್ ಸೊನ್ನೆ. ಬಂದ ನಕ್ಷೆಯನ್ನೇ ಮಾದರಿಯಾಗಿ ಹಿಡಿದು ದತ್ತಾಂಶ ತಿದ್ದುವ ಸೆಲ್ಫ್-ಕ್ಯಾಲ್‌ನಲ್ಲಿ ಫೇಸ್ ಮಾತ್ರ ನಾಲ್ಕು ಸುತ್ತು, 8 ನಿಮಿಷದಿಂದ 1 ನಿಮಿಷಕ್ಕೆ ಇಳಿಯುತ್ತಾ. ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಸುತ್ತು ಒಂದೇ, ಅದೂ ಗೇನಿನ ಸರಾಸರಿಯನ್ನು 1ಕ್ಕೆ ಕಟ್ಟಿಹಾಕಿ. ಮಾದರಿಯಲ್ಲಿ ಇಲ್ಲದ ಮಂಕು ಮೂಲಗಳ ಬಲವನ್ನು ಆಂಪ್ಲಿಟ್ಯೂಡ್ ಸುತ್ತುಗಳು ಸದ್ದಿಲ್ಲದೆ ತಿನ್ನುತ್ತವೆ. ಪ್ರತಿ ಸುತ್ತಿನ ನಂತರ ಹತ್ತು ಮೂಲಗಳ ಬಲ ಬರೆದಿಡಿ. ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದರೆ ನಿಲ್ಲಿಸಿ. ಅಂಚಿನ ಪ್ರಖರ ಮೂಲಗಳಿಗೆ ದಿಕ್ಕಿಗೊಂದರಂತೆ ಬೇರೆ ತಿದ್ದುಪಡಿ ಬೇಕು, ಸ್ಪ್ಯಾಮ್ ತಂತ್ರಾಂಶ ಅದಕ್ಕೆಂದೇ ಹುಟ್ಟಿದ್ದು. ಗದ್ದಲ 30 ಮೈಕ್ರೊಜಾನ್ಸ್ಕಿ ಆಸುಪಾಸಿಗೆ ಇಳಿದರೆ ಒಳ್ಳೆಯ ನಕ್ಷೆ.

ಏಳು ನಕ್ಷೆಗಳನ್ನು ಹೊಲಿಯುವ ಮುನ್ನ ಒಂದು ಪರೀಕ್ಷೆ ತಪ್ಪಿಸಬಾರದು. ಪಕ್ಕಪಕ್ಕದ ಎರಡು ಕೇಂದ್ರಗಳಲ್ಲಿ ಕಾಣುವ ಒಂದೇ ಮೂಲದ ಬಲ, ಡಿಶ್ಶಿನ ನೋಟದ ತಿದ್ದುಪಡಿಯ ನಂತರ, ಶೇ. 10ರೊಳಗೆ ಹೊಂದಬೇಕು. ಕೇಂದ್ರದಿಂದ ದೂರ ಹೋದಂತೆ ಅನುಪಾತ ಒಂದೇ ಕಡೆಗೆ ವಾಲುತ್ತಿದ್ದರೆ ನೋಟದ ಮಾದರಿಯಲ್ಲಿ ತಪ್ಪಿದೆ, ಇಲ್ಲವೇ ಡಿಶ್‌ಗಳು ಸ್ವಲ್ಪ ಬೇರೆಡೆ ನೋಡುತ್ತಿದ್ದವು. ಸ್ಥಾನಗಳನ್ನು 3 ಗಿಗಾಹರ್ಟ್ಸ್‌ನ ವಿಎಲ್‌ಎಎಸ್‌ಎಸ್ ಸಮೀಕ್ಷೆಯ ಜೊತೆ ಹೋಲಿಸಿ. ಅಯಾನುಗೋಳ ಇಡೀ ನಕ್ಷೆಯನ್ನು ಒಂದೆರಡು ಆರ್ಕ್‌ಸೆಕೆಂಡ್ ಸರಿಸಿರುವುದು ಸಾಮಾನ್ಯ. ಇದನ್ನು ಬಿಟ್ಟರೆ ಮುಂದೆ ಬೆಳಕಿನ ಚಿತ್ರಗಳ ಜೊತೆ ಹೊಂದಿಸುವಾಗ ಪಕ್ಕದ ನಕ್ಷತ್ರದ ಹೆಸರು ಅಂಟಿಕೊಳ್ಳುತ್ತದೆ.

ಮೂಲಗಳನ್ನು ಹುಡುಕಲು ಪೈಬಿಡಿಎಸ್‌ಎಫ್ ತಂತ್ರಾಂಶ: ಮಿತಿ, ಶಿಖರಕ್ಕೆ ಗದ್ದಲದ 5 ಪಟ್ಟು, ಅದರ ಸುತ್ತಲಿನ ದ್ವೀಪಕ್ಕೆ 3 ಪಟ್ಟು. ಎಂ31ರಲ್ಲಿ ಇದು ಎಡವುವ ಜಾಗ ಒಂದಿದೆ. ಗೆಲಾಕ್ಸಿಯ ಕೇಂದ್ರದಿಂದ ಸುಮಾರು 33,000 ಜ್ಯೋತಿರ್ವರ್ಷದಲ್ಲಿ ನಕ್ಷತ್ರ ಹುಟ್ಟುವ ದೊಡ್ಡ ಉಂಗುರವಿದೆ, ಅದರ ಹರಡಿದ ಹೊಳಪು ನಮ್ಮ ನಕ್ಷೆಯಲ್ಲಿ ಪೂರ್ತಿ ಬರುವುದಿಲ್ಲ. ನೂರು ಮೀಟರ್‌ನ ಅತಿ ಗಿಡ್ಡ ಬೇಸ್‌ಲೈನ್ ಈ ತರಂಗಾಂತರದಲ್ಲಿ ಸುಮಾರು ಅರ್ಧ ಡಿಗ್ರಿಗಿಂತ ದೊಡ್ಡದನ್ನು ಕಾಣಲಾರದು. ಉಂಗುರ ತುಂಡು ತುಂಡಾಗಿ ಉಳಿಯುತ್ತದೆ, ಪಕ್ಕದಲ್ಲಿ ಋಣ ಬೆಲೆಯ ತಗ್ಗುಗಳು ಬೀಳುತ್ತವೆ. ಆ ತುಂಡುಗಳನ್ನು ತಂತ್ರಾಂಶ ಹತ್ತಾರು ಮೂಲಗಳೆಂದು ಎಣಿಸುತ್ತದೆ. ಪಟ್ಟಿ ಮಾಡುವ ನಕ್ಷೆಗೆ ಅರ್ಧ ಕಿಲೊ-ಲ್ಯಾಮ್ಡಾಗಿಂತ, ಅಂದರೆ 500 ತರಂಗಾಂತರಗಳಿಗಿಂತ, ಗಿಡ್ಡ ಬೇಸ್‌ಲೈನುಗಳನ್ನು ಬಿಟ್ಟುಬಿಡಿ, ಹರಡಿದ್ದೆಲ್ಲ ತಾನಾಗಿ ಹೊರಗುಳಿಯುತ್ತದೆ. ಹುಸಿ ಮೂಲಗಳು ಎಷ್ಟು ಎಂದು ತಿಳಿಯಲು ನಕ್ಷೆಯನ್ನು −1ರಿಂದ ಗುಣಿಸಿ ಮತ್ತೆ ಹುಡುಕಿಸಿ. ಅಲ್ಲಿ ಸಿಕ್ಕಿದ್ದೆಲ್ಲ ಹುಸಿ. ಎಷ್ಟು ತಪ್ಪಿಹೋಗಿವೆ ಎಂದು ತಿಳಿಯಲು ಬಲ ಗೊತ್ತಿರುವ ಕೃತಕ ಮೂಲಗಳನ್ನು ಒಮ್ಮೆಗೆ ಇನ್ನೂರರಂತೆ ಬಿತ್ತಿ ಎಷ್ಟು ಮರಳಿ ಸಿಗುತ್ತವೆ ನೋಡಿ. ಉಂಗುರದ ಮೇಲೆ ಮತ್ತು ಹೊರಗೆ ಬೇರೆ ಬೇರೆಯಾಗಿ ಇದನ್ನು ಮಾಡಿ, ಎರಡೂ ಒಂದೇ ಬರುವುದಿಲ್ಲ.

ಅಂದ ಹಾಗೆ, ಎಂ31ರ ನಟ್ಟನಡುವಿನ ಕಪ್ಪುಕುಳಿಯನ್ನು ಈ ಪಟ್ಟಿಯಲ್ಲಿ ಹುಡುಕಬೇಡಿ. 8.4 ಗಿಗಾಹರ್ಟ್ಸ್‌ನಲ್ಲಿ ಅದು ಕೆಲವು ಹತ್ತು ಮೈಕ್ರೊಜಾನ್ಸ್ಕಿಯದು. ನಮ್ಮ ಪಟ್ಟಿಯಲ್ಲಿ ಸುತ್ತಲಿನ ಹೊಳಪಿನಲ್ಲಿ ಕರಗಿಹೋಗುತ್ತದೆ.

ಈಗ ಬೇರ್ಪಡಿಸುವ ಕೆಲಸ. ರೋಹಿತ ಸೂಚಿ ಅಂದರೆ ಆವರ್ತನ ಏರಿದಂತೆ ಬಲ ಎಷ್ಟು ಇಳಿಯುತ್ತದೆ ಎಂಬ ಸಂಖ್ಯೆ. ಹಿನ್ನೆಲೆ ಗೆಲಾಕ್ಸಿಗಳಿಗೆ ಸಾಮಾನ್ಯವಾಗಿ −0.7, −0.8, ಸೂಪರ್ನೋವಾ ಅವಶೇಷಕ್ಕೆ −0.5, ಅಯಾನೀಕೃತ ಜಲಜನಕದ ಮೋಡಕ್ಕೆ −0.1. ಕಾಗದದ ಮೇಲೆ ಚೆಂದ. ಆದರೆ ಬ್ಯಾಂಡ್-3 ಮತ್ತು ಬ್ಯಾಂಡ್-4, ಅಂದರೆ 400 ಮತ್ತು 650 ಮೆಗಾಹರ್ಟ್ಸ್, ಎರಡರಲ್ಲೂ ಶೇ. 10 ದೋಷವಿದ್ದರೆ ಸೂಚಿಯ ದೋಷ 0.29. ಅವಶೇಷ ಮತ್ತು ಹಿನ್ನೆಲೆಯ ನಡುವಿನ ಅಂತರವೇ ಹೆಚ್ಚೆಂದರೆ ಅಷ್ಟು. ಬ್ಯಾಂಡ್-5ರ 1260 ಮೆಗಾಹರ್ಟ್ಸ್ ಜೊತೆ ಹೋಲಿಸಿದರೆ ದೋಷ 0.12ಕ್ಕೆ ಇಳಿಯುತ್ತದೆ, ಆಗ ಮಾತಾಡಬಹುದು. ಈ ಬ್ಯಾಂಡಿನ ಮೂಲ ಫೀಡ್ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಹೋಲಿಸುವಾಗ ಎರಡೂ ನಕ್ಷೆಗೆ ಒಂದೇ ಯುವಿ ವ್ಯಾಪ್ತಿ (ತರಂಗಾಂತರದಲ್ಲಿ ಅಳೆದ ಬೇಸ್‌ಲೈನುಗಳ ವ್ಯಾಪ್ತಿ), ಒಂದೇ ಸೂಕ್ಷ್ಮತೆ ಇರಲೇಬೇಕು.

ಒಂದು ಜೋಡಿಯನ್ನು ಹತ್ತಿರದಿಂದ ನೋಡಿ. ಉಂಗುರದ ಮೇಲೆ 20 ಆರ್ಕ್‌ಸೆಕೆಂಡ್ ಅಂತರದಲ್ಲಿ ಎರಡು ಚುಕ್ಕೆ, ಬಲವೂ ಹತ್ತಿರ ಹತ್ತಿರ, ಸೂಚಿ −0.6. ಎರಡು ಅವಶೇಷ ಎಂದು ಬರೆಯಲು ಕೈ ತುಡಿಯುತ್ತದೆ. ಬ್ಯಾಂಡ್-5ರ 2 ಆರ್ಕ್‌ಸೆಕೆಂಡ್ ನಕ್ಷೆಯಲ್ಲಿ ಅವೆರಡರ ನಡುವೆ, ಅದೇ ಸಾಲಿನಲ್ಲಿ, ಚಪ್ಪಟೆ ರೋಹಿತದ ಮೂರನೆಯ ಸಣ್ಣ ಚುಕ್ಕೆ ಮೂಡಿದರೆ ಕಥೆ ಬೇರೆ: ಅದು ಹಿನ್ನೆಲೆಯ ರೇಡಿಯೊ ಗೆಲಾಕ್ಸಿ, ನಡುವಿನದು ಅದರ ಕೇಂದ್ರ, ಎರಡು ಬದಿಯವು ಅದರ ಹಾಲೆಗಳು. ಇದು ಸಿಕ್ಕೇ ಸಿಗುವ ಮಾದರಿ.

ಅವಶೇಷ ಎಂದು ಬರೆಯಬೇಕಾದರೆ ಬೇರೆ ಕಣ್ಣಿನ ಸಾಕ್ಷಿ ಬೇಕು: ಬೆಳಕಿನ ಚಿತ್ರದಲ್ಲಿ ಗಂಧಕದ ಗೆರೆ ಜಲಜನಕದ ಎಚ್-ಆಲ್ಫಾ ಗೆರೆಯ 0.4 ಪಟ್ಟಿಗಿಂತ ಹೆಚ್ಚಿರಬೇಕು, ಅಥವಾ ಎಕ್ಸ್‌-ಕಿರಣ ದೂರದರ್ಶಕಗಳಾದ ಚಂದ್ರಾ, ಎಕ್ಸ್‌ಎಂಎಂ-ನ್ಯೂಟನ್‌ಗಳ ನಕ್ಷೆಯಲ್ಲಿ ಮೃದು ಎಕ್ಸ್‌-ಕಿರಣ ಸಿಗಬೇಕು. ಹೊಂದಿಕೆ ಆಕಸ್ಮಿಕವೋ ಎಂದು ತಿಳಿಯಲು ರೇಡಿಯೊ ಪಟ್ಟಿಯನ್ನು ಒಂದೆರಡು ಆರ್ಕ್‌ನಿಮಿಷ ಪಕ್ಕಕ್ಕೆ ಸರಿಸಿ ಮತ್ತೆ ಹೊಂದಿಸಿ. ಸರಿಸಿದ ಮೇಲೂ ಅರ್ಧದಷ್ಟು ಹೊಂದಿಕೆಗಳು ಉಳಿದರೆ ಹೊಂದಿಸುವ ತ್ರಿಜ್ಯ ದೊಡ್ಡದಾಗಿದೆ.

ಇಷ್ಟಾದರೂ ಹೆಚ್ಚಿನ ಸಾಲುಗಳು ‘ನಿರ್ಧಾರವಾಗಿಲ್ಲ’ ಎಂದೇ ಉಳಿಯುತ್ತವೆ. ಅವನ್ನು ಪಟ್ಟಿಯಿಂದ ತೆಗೆಯಬೇಡಿ, ಊಹೆಯ ಹೆಸರನ್ನೂ ಹಚ್ಚಬೇಡಿ. ಸ್ಥಾನ, ಬಲ, ದೋಷ, ಆ ಜಾಗದ ಗದ್ದಲ, ಯಾವ ಕೇಂದ್ರದಿಂದ ಎಷ್ಟು ದೂರ, ಇಷ್ಟನ್ನೂ ಬರೆಯಿರಿ. ಬ್ಯಾಂಡ್-5ರ ನೋಟ 23 ಆರ್ಕ್‌ನಿಮಿಷ ಮಾತ್ರ. ಇಡೀ ಗೆಲಾಕ್ಸಿಗೆ ಅದರಲ್ಲಿ ಐವತ್ತರ ಹತ್ತಿರ ಕೇಂದ್ರಗಳು ಬೇಕು, ಅಷ್ಟು ಸಮಯ ಒಂದು ಅರ್ಜಿಗೆ ಸಿಗುವುದಿಲ್ಲ. ಆದ್ದರಿಂದ ಅನುಮಾನದ ಸಾಲುಗಳು ಎಲ್ಲಿ ದಟ್ಟವಾಗಿವೆ ಎಂದು ನಕ್ಷೆಯ ಮೇಲೆ ಗುರುತಿಸಿ, ಉಂಗುರದ ಮೇಲೆ ಹತ್ತು ಕೇಂದ್ರ ಆರಿಸಿ, ಜೊತೆಗೆ ಹೊರಗಿನ ಎರಡು ಕೇಂದ್ರಗಳನ್ನೂ ಸೇರಿಸಿ, ಮುಂದಿನ ಸುತ್ತಿನ ಅರ್ಜಿ ಬರೆಯಲು ಕೂರಬೇಕು.